ಗುಡ್ಡದ ಮನೆಯಲ್ಲಿ ಎರಡು ಶರತ್ಕಾಲ

ಬೆಳಗಾವಿಯವರಿಗೆ ಪಡುವಣ ದಿಕ್ಕೆಂದರೆ ಮಳೆ ಬರುವ ದಿಕ್ಕು. ನಗರವನ್ನು ಬಿಟ್ಟು ಪೀರನವಾಡಿ, ಕಿಣಯೆ, ಕುಸಮಳಿಗಳನ್ನು ದಾಟಿ ಜಾಂಬೋಟಿಗೆ ಹೋಗುವ ರಸ್ತೆಯು ಮುಂದೆ ಕಣಕುಂಬಿಯ ಮೇಲಿಂದ ಸಾಗಿ, ಚೋರ್ಲಾ ಘಟ್ಟವನ್ನಿಳಿದು ಗೋವೆಯನ್ನು ಸೇರುತ್ತದೆ. ಕುಸಮಳಿಯ ಸೇತುವೆಯ ಕೆಳಗೆ ಹರಿಯುವುದು ಮಲಪ್ರಭೆ. ಕಣಕುಂಬಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟಿದ ಈ ನದಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ನದಿಯ ಕೊನೆಯನ್ನು ಕಂಡು ಕೈಮುಗಿದು ಬಂದ ನಮ್ಮ ಓದುಗರು ಅಸಂಖ್ಯ. ಅದರ ಮೊದಲನ್ನು ಕಂಡವರು ಕಡಿಮೆ. ಆ ಮೊದಲಿನ ಸೀಮೆಯಲ್ಲಿ, ಜಾಂಬೋಟಿಯಿಂದ ಆಚೆಗೆ ಒಂದು ಗುಡ್ಡದ ಇಳಿಜಾರಿನಲ್ಲಿ, ಹಳೆಯ ಮನೆಯೊಂದನ್ನು ನಿಲ್ಲಿಸಿಕೊಳ್ಳಲು ನಾವು ಎರಡು ವರ್ಷಗಳ ಶರದೃತುವಿನ ಶನಿವಾರ, ರವಿವಾರಗಳನ್ನು ಕಳೆದೆವು. ಆ ಅನುಭವದಲ್ಲಿ ಇತರ ಕುಟುಂಬಗಳಿಗೂ ಉಪಯೋಗವಾಗುವ ಮಾತುಗಳು ಕೆಲವಿವೆ ಎಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಆ ಮನೆ ನಮ್ಮ ಹಿರಿಯರದಲ್ಲ. ಅದನ್ನು ಕಟ್ಟಿದವರ ಮಕ್ಕಳು ದುಡಿಮೆಗಾಗಿ ಗೋವೆಗೆ ಹೋಗಿ ಅಲ್ಲಿಯೇ ನೆಲೆಸಿದವರು. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಬೆಳಗಾವಿ ಜಿಲ್ಲೆಯಾದ್ಯಂತ ಸಾವಿರಾರು ಮನೆಗಳು ಬಿದ್ದಾಗ ಈ ಮನೆಯ ಹಿಂಗೋಡೆಯೂ ಕುಸಿಯಿತು. ವಾಸವಿಲ್ಲದ ಮನೆಯನ್ನು ರಿಪೇರಿ ಮಾಡಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಮೂರು ಮಳೆಗಾಲಗಳು ಕಳೆದ ಮೇಲೆ 2022ರಲ್ಲಿ ಅದು ನಮ್ಮ ಪಾಲಿಗೆ ಬಂದಿತು. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಬೆಳಗಾವಿಯ ಮೂರನೆಯ ಮಹಡಿಯ ಮನೆಯಲ್ಲಿ ಅವರಿಗೆ ಕಾಲಿಡಲು ಮಣ್ಣಿಲ್ಲ, ಮಾತಿಗೆ ಅಂಗಳವಿಲ್ಲ. ಅವರ ಆಸೆಯೇ ನಮ್ಮನ್ನು ಅಲ್ಲಿಗೆ ಕೊಂಡೊಯ್ದಿತು. ಬೆಂಗಳೂರಿನಲ್ಲಿರುವ ನಮ್ಮ ಹಿರಿಯ ಮಗ ಮಾತ್ರ, “ಬಾಡಿಗೆ ಬರದ, ಬೆಳೆ ಬರದ ಮನಿಗೆ ಯಾಕ ಇಷ್ಟ ರೊಕ್ಕ ಸುರೀತೀರಿ?” ಎಂದು ಕೇಳಿದ. ಕೇಳತಕ್ಕ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ನಮಗೆ ಆಗ ತಿಳಿದಿರಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ತಿಳಿಯಿತು.

ಶರತ್ಕಾಲವೇ ಏಕೆ?

ಖಾನಾಪುರ ತಾಲೂಕಿನ ಪಶ್ಚಿಮದ ಅಂಚು ಸಹ್ಯಾದ್ರಿಯ ಮಡಿಲಿನಲ್ಲಿದೆ. ಇಲ್ಲಿನ ಮಳೆಯನ್ನು ಬಯಲು ಸೀಮೆಯವರು ಊಹಿಸುವುದು ಕಷ್ಟ. ಕಾಡಿನ ನಡುವಿರುವ ಆಮಗಾಂವದಲ್ಲಿ 2010ನೆಯ ಇಸವಿಯೊಂದರಲ್ಲೇ ಹತ್ತು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ದಾಖಲಾಯಿತು. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆ ಮುಟ್ಟಿದರೆ ತಂಪು, ಹಾಸಿಗೆ ಮುಟ್ಟಿದರೆ ತಂಪು, ಬೆಂಕಿಪೆಟ್ಟಿಗೆಯ ಕಡ್ಡಿ ಗೀರಿದರೆ ಹತ್ತದು. ಬೇಸಿಗೆಯಲ್ಲಿ ಕೆಲಸ ಹಿಡಿಯೋಣವೆಂದರೆ ಗುಡ್ಡದ ಒರತೆಗಳು ಬತ್ತಿ ಸುಣ್ಣ ಕಲಸಲೂ ನೀರು ಹೊತ್ತು ತರಬೇಕು. ಆಶ್ವೀಜ, ಕಾರ್ತಿಕ ಮಾಸಗಳಲ್ಲಿ ಹಾಗಲ್ಲ. ಒರತೆಯಲ್ಲಿ ನೀರಿರುತ್ತದೆ, ಬಿಸಿಲಿನಲ್ಲಿ ಕಾವಿದ್ದರೂ ಉರಿಯಿರುವುದಿಲ್ಲ. ಮುಖ್ಯವಾಗಿ, ಮಳೆಯು ಮನೆಗೆ ಮಾಡಿದ ಕೇಡೆಲ್ಲ ಆಗ ಕಣ್ಣಿಗೆ ಕಾಣುತ್ತದೆ. ಎಲ್ಲಿ ಹಸಿರು ಪಾಚಿಯ ಗೆರೆ ಮೂಡಿದೆಯೋ ಅಲ್ಲಿ ನೀರು ಇಳಿದಿದೆ. ಎಲ್ಲಿ ಮಣ್ಣಿನ ಕೊಳವೆ ಏರಿದೆಯೋ ಅಲ್ಲಿ ಗೆದ್ದಲು ಹತ್ತಿದೆ. ಬೇಸಿಗೆಯಲ್ಲಿ ನೋಡಿದವನಿಗೆ ಇದಾವುದೂ ತಿಳಿಯದು.

ಗೋಡೆಗಳು ಕೆಂಪು ಜಂಬಿಟ್ಟಿಗೆಯವು. ಈ ಕಲ್ಲಿನ ಗುಣ ವಿಚಿತ್ರವಾದುದು. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನಲ್ಲಿ ಇದನ್ನು ಕಂಡು, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟು 1807ರಲ್ಲಿ ಪ್ರಕಟಿಸಿದ. ನಮ್ಮ ಜನ ಅದಕ್ಕೂ ಬಹಳ ಮೊದಲೇ ಅದರಲ್ಲಿ ಮನೆ, ಬಾವಿ, ಕೋಟೆಗಳನ್ನು ಕಟ್ಟಿದ್ದರು. ಈ ಕಲ್ಲಿನ ತುಂಬ ರಂಧ್ರಗಳಿರುವುದರಿಂದ ಅದು ಮಳೆಗಾಲದಲ್ಲಿ ನೀರು ಹೀರುತ್ತದೆ, ಶರತ್ಕಾಲದಲ್ಲಿ ಬಿಡುತ್ತದೆ. ಮೊದಲನೆಯ ಶನಿವಾರವೇ ಗಿಲಾವು ಹಿಡಿಯೋಣವೆಂದು ನಾವು ಅವಸರಪಟ್ಟಾಗ ನಮ್ಮ ಗೌಂಡಿ ಗೋಡೆಗೆ ಅಂಗೈ ಹಚ್ಚಿ ನೋಡಿ, “ಗ್ವಾಡಿ ಇನ್ನೂ ಬೆವರಾಕತ್ತೈತ್ರೀ. ಈಗ ಗಿಲಾವ್ ಮಾಡಿದ್ರ ಸಂಕ್ರಾಂತಿಗೆಲ್ಲಾ ಉದುರತೈತಿ. ಮೂರು ವಾರ ತಡೀರಿ” ಎಂದರು. ಬೀಳಿಸಿದ ಹಿಂಗೋಡೆಯ ಕಲ್ಲುಗಳನ್ನೇ ಆರಿಸಿ, ತೊಳೆದು, ಮತ್ತೆ ಕಟ್ಟುವುದರಲ್ಲಿ ಆ ಮೂರು ವಾರಗಳು ಕಳೆದವು.

ಸಿಮೆಂಟಿನ ಗಿಲಾವು ಬೇಡವೆಂದವರೂ ಅವರೇ. ಸಿಮೆಂಟು ಹೊರಮೈಯನ್ನು ಬಿಗಿದುಬಿಟ್ಟರೆ ಕಲ್ಲು ಹೀರಿದ ನೀರು ಹೊರಬರಲು ದಾರಿಯಿಲ್ಲದೆ ಒಳಮೈಯಲ್ಲಿ ಬೂಸುರು ಹಿಡಿಯುತ್ತದೆ. ಸುಣ್ಣದ ಗಾರೆ ಹಾಗಲ್ಲ. ಅದು ನೀರಾವಿಯನ್ನು ಹೊರಬಿಡುತ್ತದೆ, ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ವರ್ಷದಿಂದ ವರ್ಷಕ್ಕೆ ಕಲ್ಲಾಗುತ್ತ ಹೋಗುತ್ತದೆ. ಹಿತ್ತಲಲ್ಲಿ ಕುಣಿ ತೆಗೆದು ಸುಣ್ಣವನ್ನು ಅರಳಿಸಿ ವಾರಗಟ್ಟಲೆ ನೆನೆಯಲು ಬಿಟ್ಟೆವು. ಹಿಂದಿನವರು ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಕೂಡಿಸುತ್ತಿದ್ದರೆಂದು ನಮ್ಮ ತಾಯಿಯವರು ನೆನಪಿಸಿದರು. ಗೌಂಡಿಯವರು ಒಪ್ಪಿದರು. ಹತ್ತನೆಯ ತರಗತಿಯ ನಮ್ಮ ಮಗಳು ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿದ ಸುಣ್ಣದ ಸಮೀಕರಣವನ್ನು ಆ ಕುಣಿಯ ದಡದಲ್ಲಿ ನಿಂತು ಕಣ್ಣಾರೆ ಕಂಡಳು.

ಹೆಂಚೋ ಸ್ಲ್ಯಾಬೋ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮಾಡಿನದಾಗಿತ್ತು. ನಗರದಿಂದ ಬಂದು ನೋಡಿದ ಗುತ್ತಿಗೆದಾರರೊಬ್ಬರು ಮಾಡನ್ನು ಪೂರ್ತಿ ಕಿತ್ತು ಸ್ಲ್ಯಾಬು ಹಾಕಿಸಿರೆಂದು ಸಲಹೆ ಮಾಡಿದರು. ನಮ್ಮ ಮನೆಯಲ್ಲಿಯೂ ಇದರ ಮೇಲೆ ಎರಡು ಪಕ್ಷಗಳಾದವು. ಕೊನೆಗೆ ಲೆಕ್ಕ ಹಾಕಿ ನೋಡಿದೆವು. ಮಾಡಿನ ವಿಸ್ತಾರ ನೂರು ಚದರ ಮೀಟರಿನಷ್ಟು. ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚುಗಳಂತೆ 1500 ಹೆಂಚು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಒಟ್ಟು ಭಾರ ನಾಲ್ಕು ಟನ್ನಿನ ಒಳಗೆ. ಅಷ್ಟೇ ಜಾಗದ ಕಾಂಕ್ರೀಟಿನ ಸ್ಲ್ಯಾಬಿನ ಭಾರ ಅದರ ಎಂಟು ಹತ್ತು ಪಟ್ಟು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳು, ಅದರಲ್ಲಿಯೂ ಇಳಿಜಾರಿನ ಮೇಲೆ ನಿಂತವು, ಅಂಥ ಹೊರೆಯನ್ನು ಹೊರಲಾರವು. ಹೆಂಚು ಒಡೆದರೆ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು. ಸ್ಲ್ಯಾಬು ಸೋರಿದರೆ ಎಲ್ಲಿಂದ ಸೋರುತ್ತದೆಂದು ಹುಡುಕುವುದೇ ಒಂದು ವರ್ಷದ ಕೆಲಸ. ಹೀಗಾಗಿ ಹೆಂಚೇ ಗೆದ್ದಿತು.

ಈ ಹೆಂಚಿಗೂ ಒಂದು ಇತಿಹಾಸವಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಂದ ಈ ಹೆಂಚು ನಾಡೆಲ್ಲ ಹಬ್ಬಿತು. ಖಾನಾಪುರದ ಜೇಡಿಮಣ್ಣು ಹೆಂಚಿಗೂ ಇಟ್ಟಿಗೆಗೂ ಕುಂಬಾರಿಕೆಗೂ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆ ಆ ಊರಲ್ಲಿ ನೆಲೆಗೊಂಡದ್ದು ಕಾರಣವಿಲ್ಲದೆ ಅಲ್ಲ. ನಮ್ಮ ಮಾಡಿನ ನಾನೂರು ಹೆಂಚುಗಳು ಒಡೆದಿದ್ದವು. ಹೊಸವನ್ನು ತಂದು ಸೇರಿಸೋಣವೆಂದರೆ ಒಂದು ಕಾರ್ಖಾನೆಯ ಅಚ್ಚಿನ ಹೆಂಚು ಮತ್ತೊಂದು ಅಚ್ಚಿನ ಹೆಂಚಿನ ಜೊತೆ ಸರಿಯಾಗಿ ಕೂಡದು, ಸಂದಿನಲ್ಲಿ ನೀರು ಇಳಿಯುತ್ತದೆ. ಖಾನಾಪುರದ ಹತ್ತಿರ ಬಿಚ್ಚುತ್ತಿದ್ದ ಮನೆಯೊಂದರಿಂದ ಹಳೆಯ ಹೆಂಚು ತಂದು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನಾದ ಕೇಳಿ ಆರಿಸಿದೆವು. ಗಂಟೆಯಂತೆ ನುಡಿದರೆ ಗಟ್ಟಿ. ಬೋದು ದನಿ ಬಂದರೆ ಒಳಗೆ ಬಿರುಕು. ಮುಂದಿನ ಇಳಿಜಾರಿಗೆ ಒಂದು ಅಚ್ಚು, ಹಿಂದಿನದಕ್ಕೆ ಇನ್ನೊಂದು ಎಂದು ವಿಂಗಡಿಸಿದೆವು. ಮಕ್ಕಳಿಗೆ ಇದು ಆಟವಾಯಿತು, ಬಡಿಗೇರರಿಗೆ ಅನುಕೂಲವಾಯಿತು.

ಸ್ವಾತಿ ಮಳೆಯ ಶನಿವಾರ

ದೀಪಾವಳಿ ಕಳೆದ ಮೇಲೆ ಮಳೆಯ ಭಯವಿಲ್ಲವೆಂಬುದು ವಾಡಿಕೆಯ ಮಾತು. ಆದರೆ ಪಂಚಾಂಗದಲ್ಲಿ ಸ್ವಾತಿ ಮಳೆಯ ಹೆಸರು ಸುಮ್ಮನೆ ಬಂದುದಲ್ಲ. ಹಿಂದಿನ ಇಳಿಜಾರಿನ ಹೆಂಚನ್ನೆಲ್ಲ ಇಳಿಸಿ, ಹಾಳಾದ ಜಂತಿಗಳನ್ನು ಬದಲಿಸಿ, ರೀಪು ಹೊಡೆಯುತ್ತಿದ್ದ ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಪಡುವಣದಲ್ಲಿ ಕಪ್ಪು ಮೋಡ ಏರಿತು. ಕೆಳಗೆ ಹೊಸದಾಗಿ ಕಟ್ಟಿದ ಹಿಂಗೋಡೆ, ಇನ್ನೂ ಹಸಿ. ಕೆಲಸದವರು ಮೂವರು, ಹಿಡಿಯುವವರು ನಾವು ನಾಲ್ವರು. ಎಂಟುನೂರು ಹೆಂಚು ಏರಬೇಕು.

ಆ ದಿನ ಕೆಳಗಿನ ಗದ್ದೆಯಲ್ಲಿ ಭತ್ತದ ಕೊಯ್ಲು ನಡೆದಿತ್ತು. ಕೊಯ್ದ ಹುಲ್ಲು ಸೂಡು ಕಟ್ಟದೆ ಗದ್ದೆಯಲ್ಲಿ ಮಲಗಿತ್ತು. ನಾವು ಯಾರನ್ನೂ ಕರೆಯಲಿಲ್ಲ. ಕರೆಯುವ ಧೈರ್ಯವೂ ನಮಗಿರಲಿಲ್ಲ. ಆದರೂ ಗದ್ದೆಯಿಂದ ಏಳೆಂಟು ಜನ ಏರಿ ಬಂದರು. ಮುಂದೆ ಬಂದವರು ಮಗ್ಗುಲ ಮನೆಯ ಹಿರಿಯ ಹೆಣ್ಣುಮಗಳು. ಅವರನ್ನು ಊರೆಲ್ಲ ‘ಆಯಿ’ ಎನ್ನುತ್ತದೆ. ಅವರ ಮರಾಠಿಯಲ್ಲಿ ಅದರ ಅರ್ಥ ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ಎರಡೂ ಅವರಿಗೆ ಸಲ್ಲುವವೇ. “ಮೊದಲು ಗೋಡೆ, ಆಮೇಲೆ ಭತ್ತ” ಎಂದು ಮರಾಠಿಯಲ್ಲಿ ಅಂದು ಅವರು ಸಾಲಿನಲ್ಲಿ ನಿಂತರು. ಅಂಗಳದಿಂದ ಏಣಿಯವರೆಗೆ, ಏಣಿಯಿಂದ ಮಾಡಿಗೆ ಕೈಯಿಂದ ಕೈಗೆ ಹೆಂಚು ಹರಿಯಿತು. ಮೊದಲ ದಪ್ಪ ಹನಿಗಳು ಬೀಳುವಷ್ಟರಲ್ಲಿ ಮಾಡು ಮುಚ್ಚಿತ್ತು, ನೆತ್ತಿಯ ಸಾಲೊಂದು ಉಳಿದಿತ್ತು. ಅದಕ್ಕೆ ತಾಡಪತ್ರಿ ಹೊದಿಸಿದೆವು. ಕೂಡಲೇ ಎಲ್ಲರೂ ಗದ್ದೆಗೆ ಓಡಿದೆವು. ನಮ್ಮಲ್ಲಿ ಯಾರೂ ಭತ್ತದ ಸೂಡು ಕಟ್ಟಿದವರಲ್ಲ. ಆದರೂ ಹೊರಬಲ್ಲೆವಷ್ಟೇ. ಮುಕ್ಕಾಲು ಪಾಲು ಬೆಳೆ ನಮ್ಮ ಪಡಸಾಲೆಯನ್ನೂ ಅವರ ಹಟ್ಟಿಯನ್ನೂ ಸೇರಿತು. ಕಾಲು ಪಾಲು ತೋಯ್ದಿತು. ತೋಯ್ದ ಭತ್ತಕ್ಕೆ ಬೆಲೆ ಕಟ್ಟಿಕೊಡಲು ನಾವು ಮುಂದಾದಾಗ ಆಯಿ ಕೈಯಾಡಿಸಿ ಬೇಡವೆಂದರು. “ಭತ್ತ ಪ್ರತಿ ವರ್ಷ ತೋಯುತ್ತದೆ. ಈ ಮನೆಯಲ್ಲಿ ದೀಪ ಹತ್ತಿ ಮೂರು ವರ್ಷವಾಯಿತು” ಎಂದರು.

ದಾರಿ

ಮನೆಯ ಮುಂದಿನ ಅಂಗಳದ ಅಂಚಿನಲ್ಲಿ ಒಂದು ಕಾಲುದಾರಿ ಹಾದುಹೋಗಿದೆ. ಕೆಳಗಿನ ನಾಲ್ಕು ಮನೆಗಳವರು ಮೇಲಿನ ಒರತೆಗೂ ಗೇರುತೋಪಿಗೂ ಹೋಗುವುದು ಅದರಲ್ಲೇ. ಕಾಗದಪತ್ರದ ಪ್ರಕಾರ ಆ ದಾರಿಯಿರುವ ನೆಲ ನಮ್ಮದು. ಕಂಪೌಂಡು ಕಟ್ಟಿಸಿ ಗೇಟು ಹಾಕಿಸಬೇಕೆಂದು ನಗರದ ಹಿತೈಷಿಗಳು ಮೊದಲಿನಿಂದಲೂ ಹೇಳುತ್ತಿದ್ದರು. ಇದೇ ರಸ್ತೆಯುದ್ದಕ್ಕೂ ಈಗೀಗ ಅನೇಕ ಕಡೆ ತಂತಿಬೇಲಿಗಳು ಏಳುತ್ತಿವೆ, ಬೇಲಿಯ ಹಿಂದೆ ರಿಸಾರ್ಟುಗಳ ಫಲಕಗಳು ತೂಗುತ್ತಿವೆ. ನಮ್ಮಲ್ಲಿಗೂ ದಲ್ಲಾಳಿಯೊಬ್ಬರು ಬಂದು, ಬೇಲಿ ಹಾಕಿ ನಾಲ್ಕು ಕೋಣೆ ಕಟ್ಟಿದರೆ ವಾರದ ಕೊನೆಗೆ ಎಷ್ಟು ಸಾವಿರ ಹುಟ್ಟುವುದೆಂಬ ಲೆಕ್ಕ ಒಪ್ಪಿಸಿ ಹೋದರು.

ಅವರ ಲೆಕ್ಕ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸ್ವಾತಿ ಮಳೆಯ ದಿನ ಎಂಟು ಜನ ಏರಿ ಬಂದದ್ದು ಅದೇ ದಾರಿಯಲ್ಲಿ. ಬೇಲಿ ಇದ್ದಿದ್ದರೆ ಅವರು ಬರಲು ಸುತ್ತು ಹಾಕಬೇಕಾಗುತ್ತಿತ್ತು. ಬೇಲಿಯ ಒಳಗಿನವರಿಗಾಗಿ ಬರುತ್ತಿರಲೂ ಇಲ್ಲ. ಆದುದರಿಂದ ಕಂಪೌಂಡಿಗೆ ತೆಗೆದಿರಿಸಿದ ಹಣದಲ್ಲಿ ಆ ದಾರಿಗೆ ಜಂಬಿಟ್ಟಿಗೆಯ ಮೆಟ್ಟಿಲು ಕಟ್ಟಿಸಿದೆವು. ಒರತೆಯ ಕುಣಿಯ ಹೂಳು ತೆಗೆಸಿ ಸುತ್ತ ಕಲ್ಲು ಹಾಸಿಸಿದೆವು. ಕಾಡುಹಂದಿಗೆ ಹೆದರಿ ಹಿತ್ತಲಿನ ಕಾಯಿಪಲ್ಲೆಗೆ ಮಾತ್ರ ಮುಳ್ಳಿನ ಬೇಲಿ ಇದೆ.

ಊರವರ ಬದುಕು ಸುಲಭದ್ದೆಂದು ಯಾರೂ ಭಾವಿಸಬಾರದು. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಪರೂಪದ ಬಾವಲಿಗಳಿಗೂ ಕರಡಿ, ಕಾಡುಕೋಣಗಳಿಗೂ ಮಲಪ್ರಭೆ, ಮಹದಾಯಿಗಳ ತಲೆನೀರಿಗೂ ಅದು ಆಸರೆ. ಆದರೆ ಆ ಕಾಡಿನೊಳಗಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಹಳ್ಳಗಳು ತುಂಬಿದಾಗ ಕಾಯಿಲೆಯವರನ್ನು ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ. ಊರು ಬಿಡಬೇಕೋ ಇರಬೇಕೋ ಎಂಬುದು ಅಲ್ಲಿನವರಿಗೆ ಜೀವದ ಪ್ರಶ್ನೆ. ನಮ್ಮ ಗುಡ್ಡ ಅಭಯಾರಣ್ಯದ ಹೊರಗಿದೆ, ಡಾಂಬರು ರಸ್ತೆ ಹತ್ತಿರವಿದೆ. ಆದರೂ ಹರೆಯದವರು ಉಳಿದಿಲ್ಲ. ಅವರು ದುಡಿಯಲು ಬಿಟ್ಟುಹೋದ ಊರಿಗೆ ನಾವು ವಿಶ್ರಾಂತಿಗೆಂದು ಬರುತ್ತೇವೆ. ಈ ಮಾತು ಮನಸ್ಸಿನಲ್ಲಿ ಇರಬೇಕಾದದ್ದು. ಇದ್ದರೆ ಮಾತ್ರ ನಾವು ಅಲ್ಲಿ ಅತಿಥಿಗಳಂತೆ ಸೇವೆ ಬಯಸದೆ, ಒಕ್ಕಲಿನಂತೆ ಪಾಲು ಹೊರುತ್ತೇವೆ.

ಎರಡನೆಯ ವರ್ಷ

2023ರ ಶರತ್ಕಾಲ ವಾಸದ ಕಾಲ. ಶುಕ್ರವಾರ ಸಂಜೆ ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರೆ ರವಿವಾರ ರಾತ್ರಿ ಮರಳುವುದು. ನೆಲಕ್ಕೆ ಮಣ್ಣು ಬಡಿದು ಸೆಗಣಿ ಸಾರಿಸಿದ್ದು ನಮ್ಮ ತಾಯಿಯವರೂ ಆಯಿಯೂ ಕೂಡಿ. ಒಬ್ಬರಿಗೆ ಮರಾಠಿ ಪೂರ್ತಿ ಬಾರದು, ಇನ್ನೊಬ್ಬರಿಗೆ ಕನ್ನಡ ಪೂರ್ತಿ ಬಾರದು. ಮುಂಜಾನೆಯಿಂದ ಸಂಜೆಯವರೆಗೆ ಮಾತು ನಿಂತದ್ದನ್ನು ನಾವು ಕಾಣಲಿಲ್ಲ. ದೀಪಾವಳಿಯ ಪಾಡ್ಯದಂದು ಸೆಗಣಿಯ ಪಾಂಡವರನ್ನು ಮಾಡಿ ಚೆಂಡುಹೂ ಸಿಕ್ಕಿಸಿ ಹೊಸ್ತಿಲಲ್ಲಿ ಕೂರಿಸುವಾಗ ಇಬ್ಬರ ಪದ್ಧತಿಯೂ ಬಹುಮಟ್ಟಿಗೆ ಒಂದೇ ಎಂದು ತಿಳಿದು ಇಬ್ಬರಿಗೂ ಸಂತೋಷ. ಆ ಹೊತ್ತಿಗೆ ಹೊಲದಲ್ಲಿ ಗೆಣಸು ಬಂದಿರುತ್ತದೆ. ಅವರ ಗೆಣಸನ್ನು ನಮ್ಮ ಒಲೆಯ ಕೆಂಡದಲ್ಲಿ ಸುಟ್ಟು, ನಮ್ಮ ರೊಟ್ಟಿಯನ್ನು ಅವರ ನಾಚಣಿಯ ಭಾಕರಿಯೊಡನೆ ಹಂಚಿಕೊಂಡು ಉಂಡೆವು.

ಕೊಯ್ಲಿನ ಕಾಲವಾದ್ದರಿಂದ ಕೆಲಸದವರು ಬಾರದ ಒಂದು ರವಿವಾರ ತಾಲೂಕಿನ ಇನ್ನೊಂದು ತುದಿಗೆ ಹೋಗಿಬಂದೆವು. ಖಾನಾಪುರದಿಂದ ಸಂಗೊಳ್ಳಿ ರಾಯಣ್ಣನು 1831ರಲ್ಲಿ ಹುತಾತ್ಮನಾದ ನಂದಗಡ, ಅಲ್ಲಿಂದ ಬೀಡಿ, ಅದರಾಚೆ ಕಕ್ಕೇರಿ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ಕಡೆ ಸಾಗಿದ ಶರಣರಲ್ಲಿ ಡೋಹರ ಕಕ್ಕಯ್ಯನವರು ಐಕ್ಯರಾದ ನೆಲ ಅದು. ತೊಗಲು ಹದ ಮಾಡುವ ಕಾಯಕದವರು ಕಕ್ಕಯ್ಯನವರು. ಆ ದಿನ ಬೆಳಿಗ್ಗೆ ತಾನೇ ಸುಣ್ಣದ ಕುಣಿಯಿಂದ ಕೈ ತೆಗೆದು, ಬಿರಿದ ಅಂಗೈಗಳನ್ನು ಮುಗಿದು ನಿಂತಾಗ, ಕೈಕೆಲಸವನ್ನು ದೊಡ್ಡದೆಂದು ಭಾಷಣದಲ್ಲಿ ಹೇಳುವುದಕ್ಕೂ ಅದನ್ನು ಮಾಡಿ ತಿಳಿಯುವುದಕ್ಕೂ ಇರುವ ಅಂತರ ನಮಗೆ ಹೊಳೆಯಿತು. ನಮ್ಮ ಮಗನೂ ಆ ವಾರ ಬಂದಿದ್ದ. ಹಿಂದಿನ ವರ್ಷದ ಪ್ರಶ್ನೆಯನ್ನು ಅವನು ಮತ್ತೆ ಕೇಳಲಿಲ್ಲ. ಮರುದಿನ ಬೆಂಗಳೂರಿನ ಬಸ್ಸು ಬಿಟ್ಟು, ಒಂದು ದಿನ ತಡೆದು, ಬಾಗಿಲಿಗೆ ಎಣ್ಣೆ ಹಚ್ಚಿ ಹೋದ.

ಊರಲ್ಲಿ ಹಳೆಯ ಮನೆಯಿದ್ದು ಕೀಲಿ ಹಾಕಿ ಬಂದಿರುವ ಕುಟುಂಬಗಳು ನಮ್ಮಲ್ಲಿ ಬಹಳ. ಅವರಿಗೆ ನಮ್ಮ ಅನುಭವದ ಮೂರು ಮಾತುಗಳು. ಮಳೆ ನಿಂತ ಕೂಡಲೇ ಹೋಗಿ ಮನೆಯನ್ನು ಸುತ್ತಿ ನೋಡಿರಿ. ಸೋರಿದ ಗುರುತು ಆಗ ಕಾಣುವಂತೆ ಮುಂದೆ ಕಾಣದು. ಮಿರಗದ ಮಳೆಗೆ ಮೊದಲು ಹೆಂಚು ತಿರುವಿಸಿ, ಮಾಡಿನ ಎಲೆಕಸ ತೆಗೆಸಿರಿ. ಮತ್ತು, ಒಲೆಯನ್ನು ತಣ್ಣಗೆ ಬಿಡಬೇಡಿರಿ. ಒಲೆಯ ಹೊಗೆ ಜಂತಿಗಳನ್ನು ಒಣಗಿಸುತ್ತದೆ, ಹುಳು ದೂರವಿಡುತ್ತದೆ. ಮನೆ ಮುಚ್ಚಿದ್ದೇ ಅದಕ್ಕೆ ಮಳೆಗಿಂತ ಹೆಚ್ಚಿನ ಕೇಡು.

ಮೂರನೆಯದು ನಮ್ಮಿಂದ ಆಗುವಂತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾವು ಅಲ್ಲಿ ಇರಲಾರೆವು. ಆದುದರಿಂದ ಮನೆಯ ಒಂದು ಕೀಲಿಕೈ ಆಯಿಯವರ ಬಳಿಯಿದೆ. ಅವರ ಬೀಜದ ಭತ್ತದ ಕಣಜ ಈಗ ನಮ್ಮ ಒಳಕೋಣೆಯಲ್ಲಿದೆ. ಅದು ಒಣಗಿರಬೇಕೆಂದು ಅವರು ಮಳೆಗಾಲದಲ್ಲಿ ದಿನ ಬಿಟ್ಟು ದಿನ ಬಂದು ಒಲೆ ಹೊತ್ತಿಸುತ್ತಾರೆ. ಅವರ ಭತ್ತಕ್ಕೆ ಮುಗ್ಗು ಹಿಡಿಯುವುದಿಲ್ಲ, ನಮ್ಮ ಜಂತಿಗೆ ಗೆದ್ದಲು ಹತ್ತುವುದಿಲ್ಲ.